ಗೊಬ್ಬರ ಕಂಪೆನಿಯ ಷೇರು: ಒಂದೇ ಮಳೆಗೆ ಎರಡು ಹೊಲ

2022ರ ಏಪ್ರಿಲ್‌ನಲ್ಲಿ ನಾನು 80 ಸಾವಿರ ರೂಪಾಯಿ ಷೇರಿಗೆ ಹಾಕಿದೆ. 2023ರ ಜುಲೈನಲ್ಲಿ ಅದನ್ನೇ 51 ಸಾವಿರಕ್ಕೆ ಮಾರಿದೆ. ನಡುವಿನ 29 ಸಾವಿರ ಎಲ್ಲಿಗೆ ಹೋಯ್ತು ಅಂತ ತಿಳಿಯೋದಕ್ಕೆ ನನಗೆ ಒಂದು ವರ್ಷ ಬೇಕಾಯ್ತು. ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ನಮ್ಮದು ಜಗಳೂರು ಕಡೆಯ ಆರು ಎಕರೆ ಖುಷ್ಕಿ, ಮೆಕ್ಕೆಜೋಳ, ಶೇಂಗಾ, ಒಂದಿಷ್ಟು ಈರುಳ್ಳಿ. ಷೇರಿನ ಪಂಡಿತ ನಾನಲ್ಲ. ಆದರೆ ಮೂವತ್ತು ವರ್ಷದಿಂದ ಗೊಬ್ಬರದ ಚೀಲ ಹೊತ್ತವನು, ಪೈಪು ಜೋಡಿಸಿದವನು. ಕಂಪೆನಿಯವರ ಲೆಕ್ಕ ನಮ್ಮ ಲೆಕ್ಕಕ್ಕಿಂತ ಬಹಳ ಬೇರೆ ಏನಲ್ಲ ಅಂತ ಈಗ ಅನ್ನಿಸಿದೆ.

ನಡೆದದ್ದು ಇಷ್ಟೆ. ಹಿಂದಿನ ವರ್ಷದ ಈರುಳ್ಳಿ ದುಡ್ಡು ಕೈಯಲ್ಲಿತ್ತು. ಉಕ್ರೇನಿನಲ್ಲಿ ಯುದ್ಧ ಶುರುವಾಗಿ ಎರಡು ತಿಂಗಳಾಗಿತ್ತು. ರಷ್ಯಾದಿಂದ ಗೊಬ್ಬರ ಬರೋದಿಲ್ಲ, ಚೀನಾದವರು ಹೊರಗೆ ಕಳಿಸೋದನ್ನು ಆಗಲೇ ಬಿಗಿ ಮಾಡಿದ್ದಾರೆ, ಪ್ರಪಂಚದಲ್ಲೆಲ್ಲ ಯೂರಿಯಾ ಟನ್ನಿಗೆ 900 ಡಾಲರ್ ದಾಟಿದೆ ಅಂತ ದಿನಾ ಪೇಪರಿನಲ್ಲಿ ಬರುತ್ತಿತ್ತು. ನನ್ನ ತಂಗಿಯ ಮಗ ದಾವಣಗೆರೆಯಲ್ಲಿ ಕೆಲಸಕ್ಕಿದ್ದಾನೆ. ಅವನು ಬಂದವನು, 'ಮಾವ, ಗೊಬ್ಬರಕ್ಕೆ ಇಷ್ಟು ಬೇಡಿಕೆ ಐತೆ ಅಂದ್ರೆ ಗೊಬ್ಬರ ಮಾಡೋ ಕಂಪೆನಿಗೆ ಲಾಭ ಅಲ್ವಾ? ಒಂದು ಗೊಬ್ಬರದ್ದು, ಒಂದು ಪೈಪಿನ ಪ್ಲಾಸ್ಟಿಕ್ ಮಾಡೋದು, ಎರಡು ತಗಳಣ' ಅಂದ. ನನಗೂ ಸರಿ ಅನ್ನಿಸಿತು. ಅವನನ್ನು ನಾನು ದೂರೋದಿಲ್ಲ. ಹೂಂ ಅಂದವನು ನಾನೇ.

ನಾವಿಬ್ಬರೂ ಕೇಳಬೇಕಾಗಿದ್ದ ಒಂದೇ ಪ್ರಶ್ನೆ ಕೇಳಲಿಲ್ಲ. ಈ ಕಂಪೆನಿಗೆ ದುಡ್ಡು ಕೊಡೋರು ಯಾರು?

ಯೂರಿಯಾಕ್ಕೆ ಗಿರಾಕಿ ನಾವಲ್ಲ

ನಾವು ಒಂದು ಚೀಲ ಯೂರಿಯಾಕ್ಕೆ ಕೊಡೋದು 266 ರೂಪಾಯಿ 50 ಪೈಸೆ. ಅದರಲ್ಲಿ ತೆರಿಗೆ, ಬೇವಿನ ಎಣ್ಣೆ ಲೇಪನದ ಖರ್ಚು ತೆಗೆದರೆ ಗೊಬ್ಬರದ ಬೆಲೆ 242 ರೂಪಾಯಿ. ಈ ದರ 2012ರ ನವೆಂಬರ್‌ನಲ್ಲಿ ಟನ್ನಿಗೆ 5,360 ರೂಪಾಯಿ ಅಂತ ಗೊತ್ತಾದದ್ದು, ಆಮೇಲೆ ಕದಲಿಲ್ಲ. 2018ರಲ್ಲಿ ಚೀಲವನ್ನು 50 ಕೆಜಿಯಿಂದ 45 ಕೆಜಿಗೆ ಇಳಿಸಿದರು, ದರ ಅದೇ ಲೆಕ್ಕದಲ್ಲಿ ಉಳಿಯಿತು. ಹೊರದೇಶದಲ್ಲಿ ಯೂರಿಯಾ 900 ಡಾಲರ್ ಆದಾಗಲೂ ನಮ್ಮ ಸೊಸೈಟಿಯಲ್ಲಿ ಅದೇ 266. ಹಾಗಾದರೆ ನಮ್ಮ ದೇಶದ ಕಂಪೆನಿಗೆ ಆ 900 ಡಾಲರಿನ ಲಾಭ ಎಲ್ಲಿಂದ ಬಂದೀತು? ಬರೋದಿಲ್ಲ. ನಾನು ದುಡ್ಡು ಹಾಕಿದ ದಿನ ಈ ಒಂದು ಮಾತು ತಲೆಗೆ ಹೊಳೆದಿದ್ದರೆ ಸಾಕಿತ್ತು.

ಯೂರಿಯಾ ಮಾಡೋದು ಹೇಗೆ ಅಂತ ಸ್ವಲ್ಪ ತಿಳಿದುಕೊಂಡರೆ ಲೆಕ್ಕ ಸುಲಭ. ಗಾಳಿಯಲ್ಲಿ ಸಾರಜನಕ ಬೇಕಾದಷ್ಟಿದೆ, ಅದಕ್ಕೆ ದುಡ್ಡಿಲ್ಲ. ಅದನ್ನು ಹಿಡಿದು ಕಟ್ಟೋದಕ್ಕೆ ಜಲಜನಕ ಬೇಕು. ಅದು ನೈಸರ್ಗಿಕ ಅನಿಲದಿಂದ, ಅಂದರೆ ಗ್ಯಾಸಿನಿಂದ ಬರುತ್ತದೆ. ಎರಡೂ ಸೇರಿ ಅಮೋನಿಯಾ ಆಗುತ್ತದೆ. ಅದಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿಸಿದರೆ ನೂರಕ್ಕೆ 46 ಪಾಲು ಸಾರಜನಕ ಇರುವ ಯೂರಿಯಾ. ಕಾರ್ಖಾನೆಯ ಖರ್ಚಿನಲ್ಲಿ ದೊಡ್ಡ ಪಾಲು ಈ ಗ್ಯಾಸಿನದೇ. ಅಂದಮೇಲೆ ಯೂರಿಯಾ ಕಾರ್ಖಾನೆ ಅಂದರೆ ಗ್ಯಾಸನ್ನು ಕಾಳು ಮಾಡುವ ಗಿರಣಿ ಅಂತ ತಿಳಿದುಕೊಂಡರೂ ತಪ್ಪಿಲ್ಲ.

ಗಿರಣಿಗೆ ಆಗುವ ಖರ್ಚಿಗೂ ನಾವು ಕೊಡುವ 242 ರೂಪಾಯಿಗೂ ನಡುವೆ ಇರುವ ಹಳ್ಳವನ್ನು ತುಂಬೋದು ಕೇಂದ್ರ ಸರಕಾರ. ಈ ಪದ್ಧತಿ ಶುರುವಾದದ್ದು 1977ರಲ್ಲಿ. ಆಗ ಪ್ರತಿ ಕಾರ್ಖಾನೆಗೂ ಅದರದರ ಖರ್ಚು ನೋಡಿ, ಹಾಕಿದ ಬಂಡವಾಳಕ್ಕೆ ತೆರಿಗೆ ಕಳೆದು ನೂರಕ್ಕೆ 12 ಸಿಗುವ ಹಾಗೆ ದರ ಕಟ್ಟುತ್ತಿದ್ದರು. ಖರ್ಚು ಹೆಚ್ಚಾದರೂ ಚಿಂತೆಯಿಲ್ಲ. ಕೊರತೆ ತುಂಬಿಕೊಡೋರು ಇದ್ದರಲ್ಲ. 2003ರ ಏಪ್ರಿಲ್‌ನಿಂದ ಅದನ್ನು ಬದಲಾಯಿಸಿದರು. ಕಾರ್ಖಾನೆಗಳನ್ನು ಗುಂಪು ಮಾಡಿ, ಒಂದು ಟನ್ ಯೂರಿಯಾಕ್ಕೆ ಇಷ್ಟೇ ಶಾಖ ಖರ್ಚಾಗಬೇಕು ಅಂತ ಅಳತೆ ಹಾಕಿಟ್ಟರು. ಗ್ಯಾಸಿನ ದರ ಏರಿದರೆ ಸರಕಾರ ಕೊಡುತ್ತದೆ. ಆದರೆ ಅಳತೆಗಿಂತ ಹೆಚ್ಚು ಗ್ಯಾಸ್ ಸುಟ್ಟರೆ ಆ ನಷ್ಟ ಕಂಪೆನಿಯದು. ಕಡಿಮೆ ಸುಟ್ಟರೆ ಉಳಿಕೆ ಕಂಪೆನಿಗೆ.

ಹಾಗಾಗಿ ಯೂರಿಯಾ ಕಂಪೆನಿಯ ಲಾಭ ಇರೋದು ಗೊಬ್ಬರದ ಬೇಡಿಕೆಯಲ್ಲಿ ಅಲ್ಲ, ಒಲೆಯಲ್ಲಿ. ಹೊಸ ಒಲೆಯ ಕಾರ್ಖಾನೆಗೆ ನಾಲ್ಕು ಕಾಸು ಉಳಿಯುತ್ತದೆ, ಹಳೇ ಒಲೆಯದಕ್ಕೆ ಕೈಯಿಂದ ಹೋಗುತ್ತದೆ. ಮತ್ತೆ ಆ ಅಳತೆಯನ್ನು ಸರಕಾರ ಆಗಾಗ ಬಿಗಿ ಮಾಡುತ್ತದೆ. ಬಿಗಿ ಮಾಡಿದ ವರ್ಷ ಉಳಿಕೆ ಕಡಿಮೆ.

ಪಣಂಬೂರಿನ ಕಥೆ

ಇದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ಮಂಗಳೂರಿನ ಪಣಂಬೂರಿನಲ್ಲೇ ಉದಾಹರಣೆ ಇದೆ. ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್, ನಾವು 'ಮಂಗಳಾ ಯೂರಿಯಾ' ಅನ್ನುವ ಚೀಲ ಬರುವುದು ಅಲ್ಲಿಂದ. 1976ರಲ್ಲಿ ಉತ್ಪಾದನೆ ಶುರು. ಕರ್ನಾಟಕದಲ್ಲಿ ಯೂರಿಯಾ ಮಾಡುವ ಕಾರ್ಖಾನೆ ಅದೊಂದೇ, ವರ್ಷಕ್ಕೆ ಸುಮಾರು 3.8 ಲಕ್ಷ ಟನ್. ಆದರೆ ಮಂಗಳೂರಿಗೆ ಗ್ಯಾಸ್ ಇರಲಿಲ್ಲ. ನಾಫ್ತಾ, ಅಂದರೆ ಕಚ್ಚಾ ತೈಲದಿಂದ ತೆಗೆಯುವ ಪೆಟ್ರೋಲಿನಂಥ ತೆಳು ಎಣ್ಣೆ, ಅದರಿಂದ ಯೂರಿಯಾ ಮಾಡುತ್ತಿದ್ದರು. ಬಹಳ ದುಬಾರಿ. ಸರಕಾರ 'ನಾಫ್ತಾ ಬಿಡಿ, ಗ್ಯಾಸಿಗೆ ಬನ್ನಿ' ಅನ್ನುತ್ತಿತ್ತು. ಗ್ಯಾಸಿನ ಪೈಪು ಬಾರದೆ ಅವರು ಹೇಗೆ ಬಂದಾರು? ಹೀಗಾಗಿ ಸ್ವಲ್ಪ ಸ್ವಲ್ಪ ದಿನಕ್ಕೆ ಅನುಮತಿ ಕೊಟ್ಟು ನಡೆಸುತ್ತಿದ್ದರು. 2014ರ ಕೊನೆಯಲ್ಲಿ ನಾಫ್ತಾ ಯೂರಿಯಾದ ಸಬ್ಸಿಡಿ ಮುಂದುವರಿಯದೆ ಕೆಲವು ಕಾಲ ಅಲ್ಲಿ ಯೂರಿಯಾ ತಯಾರಿಕೆ ನಿಂತೇಬಿಟ್ಟಿತ್ತು. ಕಾರ್ಖಾನೆ ಗಟ್ಟಿಯಾಗಿದೆ, ರೈತ ಗೊಬ್ಬರ ಬೇಕು ಅಂತಿದ್ದಾನೆ, ಆದರೂ ಒಂದು ಕಾಗದ ದೆಹಲಿಯಿಂದ ಬರಲಿಲ್ಲವಾದರೆ ಯಂತ್ರ ನಿಲ್ಲುತ್ತದೆ.

ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಗ್ಯಾಸ್ ಪೈಪು ಎಳೆದು ಮುಗಿದದ್ದು 2021ರ ಜನವರಿಗೆ. ಕೇರಳದಲ್ಲಿ ಜಮೀನಿನ ತಕರಾರಿನಿಂದ ವರ್ಷಗಟ್ಟಲೆ ನಿಂತಿತ್ತು. ಆಮೇಲೆ ಪಣಂಬೂರು ಗ್ಯಾಸಿಗೆ ಬಂತು. ಅಷ್ಟರೊಳಗೆ ಕಂಪೆನಿಯ ಯಜಮಾನಿಕೆ ಯುಬಿ ಗುಂಪಿನಿಂದ ಜುವಾರಿಯವರ ಗುಂಪಿಗೆ ಹೋಗಿತ್ತು. 2024ರಲ್ಲಿ ಒಡಿಶಾದ ಪಾರಾದೀಪ್ ಫಾಸ್ಫೇಟ್ಸ್ ಜೊತೆ ವಿಲೀನ ಮಾಡುವ ಯೋಜನೆಯನ್ನು ಪ್ರಕಟಿಸಿದರು. ಪೈಪು ಬಂದೀತು ಬಂದೀತು ಅಂತ ಹತ್ತು ವರ್ಷ ಷೇರು ಹಿಡಿದು ಕೂತವರು, ಭದ್ರಾ ಮೇಲ್ದಂಡೆ ನೀರು ಬಂದೀತು ಅಂತ ಕಾಯುವ ನಮ್ಮ ಹಾಗೇ ಕಾದಿರಬೇಕು!

ಇಫ್ಕೋ, ಕ್ರಿಭ್ಕೋ ಷೇರು ಸಿಗುತ್ತಾ ಅಂತ ಇಬ್ಬರು ಮೂವರು ನನ್ನನ್ನು ಕೇಳಿದ್ದಾರೆ. ಅವು ಸಹಕಾರ ಸಂಘಗಳು, ಪೇಟೆಯಲ್ಲಿ ಮಾರಾಟಕ್ಕೆ ಇಲ್ಲ. ಸೊಸೈಟಿಗಳು ಅದಕ್ಕೆ ಸದಸ್ಯರು.

ಕಾಂಪ್ಲೆಕ್ಸ್ ಗೊಬ್ಬರದ ಲೆಕ್ಕ ಬೇರೆ

ನಾನು ಷೇರು ಕೊಂಡ ಕಂಪೆನಿ ಹೆಚ್ಚಾಗಿ ಮಾಡುತ್ತಿದ್ದದ್ದು ಡಿಎಪಿ ಮತ್ತು ಕಾಂಪ್ಲೆಕ್ಸ್. ಇದರ ಕಥೆ ಯೂರಿಯಾದಂತಲ್ಲ. 1992ರ ಆಗಸ್ಟ್‌ನಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ದರದ ಹಿಡಿತವನ್ನು ಸರಕಾರ ಬಿಟ್ಟಿತು. ನನಗಾಗ ಇಪ್ಪತ್ತು ದಾಟಿತ್ತು, ಡಿಎಪಿ ರೇಟು ಕೇಳಿ ನಮ್ಮಪ್ಪ ಸೊಸೈಟಿಯಿಂದ ಬರಿಗೈಲಿ ವಾಪಸ್ ಬಂದದ್ದು ನೆನಪಿದೆ. ಅಲ್ಲಿಂದಲೇ ನಮ್ಮ ಹೊಲಗಳಿಗೆ ಯೂರಿಯಾ ಹೆಚ್ಚು, ಮಿಕ್ಕಿದ್ದು ಕಡಿಮೆ ಅನ್ನುವ ಚಟ ಹತ್ತಿತು. 2010ರ ಏಪ್ರಿಲ್‌ನಿಂದ 'ಪೋಷಕಾಂಶ ಆಧಾರಿತ ಸಬ್ಸಿಡಿ' ಬಂತು. ಅಂದರೆ ಚೀಲದಲ್ಲಿ ಎಷ್ಟು ಕೆಜಿ ಸಾರಜನಕ, ಎಷ್ಟು ರಂಜಕ, ಎಷ್ಟು ಪೊಟ್ಯಾಷ್ ಇದೆಯೋ ಅದಕ್ಕೆ ಕೆಜಿಗೆ ಇಷ್ಟು ಅಂತ ಸರಕಾರ ಕೊಡುತ್ತದೆ. ಮಾರುವ ದರ ಕಂಪೆನಿ ಇಡಬಹುದು ಅಂತ ಕಾಗದದಲ್ಲಿದೆ. ಆದರೆ ಚುನಾವಣೆ, ಗಲಾಟೆ ಎಲ್ಲ ಇರುವ ದೇಶ ಇದು, ಈಚಿನ ವರ್ಷಗಳಲ್ಲಿ ಡಿಎಪಿ ಚೀಲ 1,350 ರೂಪಾಯಿ ದಾಟಲು ಬಿಟ್ಟಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ದಯವಿಟ್ಟು ಪೆನ್ಸಿಲ್ ಹಿಡಿದುಕೊಂಡೇ ಓದಿ.

10:26:26 ಚೀಲ 50 ಕೆಜಿ. ಅದರಲ್ಲಿ ಸಾರಜನಕ 5 ಕೆಜಿ, ರಂಜಕ 13 ಕೆಜಿ, ಪೊಟ್ಯಾಷ್ 13 ಕೆಜಿ. 2023ರ ಮುಂಗಾರಿಗೆ ಸರಕಾರ ಕಟ್ಟಿದ ಸಬ್ಸಿಡಿ ಕೆಜಿ ಸಾರಜನಕಕ್ಕೆ 76 ರೂಪಾಯಿ 49 ಪೈಸೆ, ರಂಜಕಕ್ಕೆ 41 ರೂಪಾಯಿ 3 ಪೈಸೆ, ಪೊಟ್ಯಾಷ್‌ಗೆ 15 ರೂಪಾಯಿ 91 ಪೈಸೆ. ಗುಣಿಸಿ ಕೂಡಿದರೆ ಒಂದು ಚೀಲಕ್ಕೆ 1,122 ರೂಪಾಯಿ ಚಿಲ್ಲರೆ. ನಾನು ಅಂಗಡಿಯಲ್ಲಿ ಕೊಟ್ಟದ್ದು 1,470. ಎರಡೂ ಸೇರಿದರೆ 2,592 ರೂಪಾಯಿ. ತೆರಿಗೆ, ಅಂಗಡಿಯವರ ಪಾಲು ಕಳೆದು ಉಳಿದದ್ದರಲ್ಲಿ ಕಂಪೆನಿ ಎಲ್ಲ ಖರ್ಚು ತೂಗಿಸಬೇಕು. ರಂಜಕದ ಕಲ್ಲು, ರಂಜಕಾಮ್ಲ ಎಲ್ಲ ಮೊರಾಕ್ಕೊ, ಜೋರ್ಡಾನ್, ಸೆನೆಗಲ್ ಕಡೆಯಿಂದ ಹಡಗಿನಲ್ಲಿ ಬರಬೇಕು. ಪೊಟ್ಯಾಷ್ ಗೊಬ್ಬರವಂತೂ ಹೆಚ್ಚುಕಡಿಮೆ ಪೂರ್ತಿ ಹೊರಗಿನದೇ.

ಅದೇ ವರ್ಷ ಅಕ್ಟೋಬರ್ 25ಕ್ಕೆ ಹಿಂಗಾರಿನ ದರ ಹೇಳಿದರು. ಸಾರಜನಕ 47 ರೂಪಾಯಿ 2 ಪೈಸೆ, ರಂಜಕ 20 ರೂಪಾಯಿ 82 ಪೈಸೆ, ಪೊಟ್ಯಾಷ್ 2 ರೂಪಾಯಿ 38 ಪೈಸೆ. ಹೇಳಿದ್ದು 25ನೇ ತಾರೀಕು, ಜಾರಿ 1ನೇ ತಾರೀಕಿನಿಂದಲೇ. ಈಗ ಗುಣಿಸಿ: ಚೀಲಕ್ಕೆ 536 ರೂಪಾಯಿ 70 ಪೈಸೆ. ಅಂದರೆ ಒಂದೊಂದು ಚೀಲದ ಮೇಲೂ 586 ರೂಪಾಯಿ ಖೋತಾ. ಹೊರದೇಶದಲ್ಲಿ ದರ ಇಳಿದಿತ್ತು, ಅದಕ್ಕೆ ಇಳಿಸಿದರು, ಅದು ನ್ಯಾಯವೇ. ಹೊಸದಾಗಿ ಕೊಳ್ಳುವ ಕಚ್ಚಾ ಮಾಲಿಗೆ ಸರಿ. ಆದರೆ ಮೊದಲೇ ಜಾಸ್ತಿ ದರದಲ್ಲಿ ಮಾಡಿ ಗೋಡೌನಿನಲ್ಲಿ ಒಟ್ಟಿಟ್ಟ ಚೀಲ?

ಚೀಲ ಏಕೆ ಉಳಿದಿತ್ತು?

ಇಲ್ಲಿಗೆ ನಾನು ಬರಬೇಕಾಗಿತ್ತು. 2018ರಿಂದ ಒಂದು ಬದಲಾವಣೆ ಆಗಿದೆ, ನಿಮಗೂ ಗೊತ್ತು. ಸೊಸೈಟಿಯಲ್ಲಿ ಆಧಾರ್ ಕೊಟ್ಟು ಸಣ್ಣ ಮಿಷನ್ನಿಗೆ ಹೆಬ್ಬೆಟ್ಟು ಒತ್ತುತ್ತೇವಲ್ಲ, ಆ ಹೆಬ್ಬೆಟ್ಟು ಬಿದ್ದ ಮೇಲೇ ಆ ಚೀಲದ ಸಬ್ಸಿಡಿಗೆ ಕಂಪೆನಿ ಅರ್ಜಿ ಹಾಕಬಹುದು. ಮೊದಲು ಜಿಲ್ಲೆಗೆ ಮಾಲು ತಲುಪಿದರೆ ಹೆಚ್ಚಿನ ಭಾಗ ಸಿಗುತ್ತಿತ್ತು. ಈಗ ರೈತ ಕೊಳ್ಳುವ ತನಕ ಚೀಲ ಅಂದರೆ ಸತ್ತ ದುಡ್ಡು.

ರೈತ ಯಾವಾಗ ಕೊಳ್ಳುತ್ತಾನೆ? ಮಳೆ ಬಂದಾಗ.

2023ರಲ್ಲಿ ನಮ್ಮಲ್ಲಿ ಜೂನ್ ಒಣಗಿ ಹೋಯ್ತು. ಮೃಗಶಿರಾ, ಆರಿದ್ರಾ ಎರಡೂ ಕೈಕೊಟ್ಟವು. ಜುಲೈನಲ್ಲಿ ಮಳೆ ಹಿಡಿಯಿತು. ಎಲ್ಲರೂ ಒಟ್ಟಿಗೆ ಬಿತ್ತನೆಗೆ ಬಿದ್ದೆವು. ಬೀಜ, ಗೊಬ್ಬರ, ಟ್ರಾಕ್ಟರ್ ಬಾಡಿಗೆ ಎಲ್ಲಕ್ಕೂ ದುಡ್ಡು ಬೇಕು. ಕೈಯಲ್ಲಿ ಇರಲಿಲ್ಲ, ಷೇರಿನಲ್ಲಿತ್ತು. ಅಳಿಯನಿಗೆ ಫೋನ್ ಮಾಡಿ 'ಮಾರಪ್ಪ' ಅಂದೆ. 'ಮಾವ, ಈಗ ಮಾರಿದ್ರೆ ಲಾಸು, ಇನ್ನೊಂದು ವರ್ಷ ತಡಿ' ಅಂದ. 'ಮಳೆ ತಡೀತದೇನೋ?' ಅಂತ ಬೈದೆ. ಹತ್ತು ಷೇರು ಬಿಟ್ಟು ಎಲ್ಲ ಮಾರಿದ. 51 ಸಾವಿರ ಬಂತು, ಬಿತ್ತಿದೆವು. ಆಗಸ್ಟ್ ತಿಂಗಳು ಪೂರ್ತಿ ಒಂದು ಹದ ಮಳೆ ಇಲ್ಲ. ಮೆಕ್ಕೆಜೋಳ ಸೂಲಂಗಿ ಬರೋ ಹೊತ್ತಿಗೆ ಸುರುಳಿ ಸುತ್ತಿಕೊಂಡಿತು. ಮೇಲುಗೊಬ್ಬರಕ್ಕೆ ಅಂತ ಇಟ್ಟಿದ್ದ ದುಡ್ಡನ್ನು ಯಾರೂ ಗೊಬ್ಬರಕ್ಕೆ ಹಾಕಲಿಲ್ಲ. ಒಣಗಿದ ಹೊಲಕ್ಕೆ ಗೊಬ್ಬರ ಚೆಲ್ಲಿ ಏನು ಮಾಡೋದು? ಆ ವರ್ಷ ಕರ್ನಾಟಕದ 236 ತಾಲೂಕಿನಲ್ಲಿ 223 ಬರಪೀಡಿತ ಅಂತ ಸರಕಾರವೇ ಹೇಳಿತು.

ನಾವು ಕೊಳ್ಳದ ಚೀಲ ಎಲ್ಲಿ ಉಳಿಯಿತು? ಅಂಗಡಿಯಲ್ಲಿ, ಕಂಪೆನಿ ಗೋಡೌನಿನಲ್ಲಿ. ಅಕ್ಟೋಬರ್ 1ಕ್ಕೆ ಅಂಥ ಚೀಲದ ತಲೆ ಮೇಲೆ 586 ರೂಪಾಯಿ ಖೋತಾ ಬಂದು ಕೂತಿತು.

ಅಂದರೆ ನನ್ನ ಮೆಕ್ಕೆಜೋಳ ಒಣಗಿಸಿದ ಅದೇ ಆಗಸ್ಟ್ ಕಂಪೆನಿಯ ಲಾಭವನ್ನೂ ಒಣಗಿಸಿತು. ನಾನು ಮಳೆ ನಂಬಿದ ಹೊಲದ ದುಡ್ಡನ್ನು ತೆಗೆದು ಮಳೆ ನಂಬಿದ ಇನ್ನೊಂದು ಹೊಲಕ್ಕೆ ಹಾಕಿದ್ದೆ. ಆ ಹೊಲಕ್ಕೆ ಬದು ಇಲ್ಲ, ನನ್ನ ಕಣ್ಣಿಗೂ ಬೀಳೋದಿಲ್ಲ, ಅಷ್ಟೇ ವ್ಯತ್ಯಾಸ. ಒಂದು ಮಾತು ಒಪ್ಪಬೇಕು. ದೊಡ್ಡ ಕಂಪೆನಿ ಹತ್ತು ರಾಜ್ಯಕ್ಕೆ ಮಾರುತ್ತದೆ, ನಮ್ಮ ಜಗಳೂರಿನ ಮಳೆಯಿಂದ ಅದು ಮುಳುಗೋದಿಲ್ಲ. ನೀರಾವರಿ ಜಾಸ್ತಿ ಇರುವ ಪಂಜಾಬ್, ಹರಿಯಾಣ ಕಡೆ ಮಾರುವ ಕಂಪೆನಿಗೆ ಮಳೆಯ ಭಯ ಕಡಿಮೆ. ಆದರೆ ಮುಂಗಾರು ಕೆಟ್ಟರೆ ದಕ್ಷಿಣದ ಮೂರು ನಾಲ್ಕು ರಾಜ್ಯ ಒಟ್ಟಿಗೇ ಕೆಡೋದು ಹೊಸದಲ್ಲ. ನೀರಾವರಿ ಇರುವ ರೈತನಿಗೆ, ಸಂಬಳದವನಿಗೆ ಈ ಷೇರು ಒಂದು ತರ. ಖುಷ್ಕಿಯವನಿಗೆ ಇನ್ನೊಂದು ತರ.

ಬಾಕಿ ಅನ್ನೋ ರೋಗ

ಸಬ್ಸಿಡಿ ಬರುತ್ತದೆ, ಆದರೆ ಯಾವಾಗ? ನಾವು ಕಬ್ಬಿನ ಬಾಕಿಗೆ, ಬೆಳೆವಿಮೆಗೆ ಕಾಯೋ ಹಾಗೆ ಅವರೂ ಕಾಯುತ್ತಾರೆ. ಬಜೆಟ್ಟಿನಲ್ಲಿ ಇಟ್ಟದ್ದು ಮುಗಿದರೆ ಮುಂದಿನ ವರ್ಷಕ್ಕೆ ತಳ್ಳುತ್ತಾರೆ. ಅಲ್ಲಿಯವರೆಗೆ ಕಂಪೆನಿ ಬ್ಯಾಂಕಿನಲ್ಲಿ ಸಾಲ ಮಾಡಿ ಬಡ್ಡಿ ಕಟ್ಟಬೇಕು. ಈ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆದು, 2020ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ ಗೊಬ್ಬರಕ್ಕೆ ಅಂತ ಒಂದೇ ಸಲ ಹೆಚ್ಚುವರಿ 65 ಸಾವಿರ ಕೋಟಿ ಕೊಟ್ಟು ತೀರಿಸಿತು. ಆಗ ಎಷ್ಟೋ ಕಂಪೆನಿಗಳ ಸಾಲ ಇಳಿಯಿತು, ಬಡ್ಡಿ ಉಳಿಯಿತು, ಷೇರಿಗೂ ಬಲ ಬಂತು. ಗೊಬ್ಬರ ಒಂದು ಚೀಲ ಹೆಚ್ಚು ಮಾರಿದ್ದರಿಂದ ಬಂದ ಬಲ ಅಲ್ಲ ಅದು.

2021ರ ಮೇ ತಿಂಗಳಲ್ಲಿ ಡಿಎಪಿ ಚೀಲಕ್ಕೆ 500 ರೂಪಾಯಿ ಇದ್ದ ಸಬ್ಸಿಡಿಯನ್ನು ಒಂದೇ ದಿನ 1,200 ಮಾಡಿದರು. 2019-20ರಲ್ಲಿ ಗೊಬ್ಬರದ ಸಬ್ಸಿಡಿ ಸುಮಾರು 81 ಸಾವಿರ ಕೋಟಿ ಇದ್ದದ್ದು 2022-23ರಲ್ಲಿ ಎರಡೂವರೆ ಲಕ್ಷ ಕೋಟಿ ಮುಟ್ಟಿತು. ಇಂಥ ದೊಡ್ಡ ಗಿರಾಕಿ ಒಬ್ಬನೇ ಇದ್ದರೆ ವ್ಯಾಪಾರಿಗೆ ಎಷ್ಟು ಸುಖವೋ ಅಷ್ಟೇ ಕಷ್ಟ. ಆದ್ದರಿಂದ ಈ ಕಂಪೆನಿಗಳ ವರದಿಯಲ್ಲಿ ನಾನು ಮೊದಲು ನೋಡೋದು ಲಾಭವನ್ನಲ್ಲ. ಸರಕಾರದಿಂದ ಬರಬೇಕಾದ ಬಾಕಿ ಎಷ್ಟು, ಅದು ಹೋದ ವರ್ಷಕ್ಕಿಂತ ಏರಿದೆಯೋ ಇಳಿದಿದೆಯೋ, ಬ್ಯಾಂಕಿಗೆ ಕಟ್ಟಿದ ಬಡ್ಡಿ ಎಷ್ಟು. ಲಾಭ ಬರೆದಿದ್ದಾರೆ, ಬಾಕಿಯೂ ಬೆಳೆದಿದೆ ಅಂದರೆ ಆ ಲಾಭ ಇನ್ನೂ ದೆಹಲಿಯಲ್ಲೇ ಇದೆ ಅಂತ ಅರ್ಥ.

ಪೈಪಿನ ಪ್ಲಾಸ್ಟಿಕ್

ನನ್ನ ಇನ್ನೊಂದು ಷೇರು ಪೆಟ್ರೋಕೆಮಿಕಲ್‌ದು. ಪೆಟ್ರೋಕೆಮಿಕಲ್ ಅಂದರೆ ಗಾಬರಿ ಬೇಡ, ನಮ್ಮ ಹೊಲದ ತುಂಬ ಅದೇ ಇದೆ. ಬೋರಿನ ಪಿವಿಸಿ ಪೈಪು, ಸ್ಪ್ರಿಂಕ್ಲರಿನ ಕಪ್ಪು ಪೈಪು, ಡ್ರಿಪ್ಪಿನ ಲ್ಯಾಟರಲ್, ತಾಡಪಾಲು, ಗೊಬ್ಬರ ತುಂಬಿ ಬರುವ ಆ ಚೀಲವೇ. ಗ್ಯಾಸಿನಿಂದ ಅಥವಾ ನಾಫ್ತಾದಿಂದ ಎಥಿಲೀನ್, ಪ್ರೊಪಿಲೀನ್ ತೆಗೆದು, ಅದನ್ನು ಅಕ್ಕಿನುಚ್ಚಿನಂಥ ಪ್ಲಾಸ್ಟಿಕ್ ಕಾಳು ಮಾಡುತ್ತಾರೆ. ಪಿವಿಸಿಗೆ ಅದರ ಜೊತೆ ಉಪ್ಪಿನಿಂದ ತೆಗೆದ ಕ್ಲೋರಿನ್ ಬೇಕು. ಮಂಗಳೂರಿನ ಎಂಆರ್‌ಪಿಎಲ್ 2015ರಿಂದ ಪಾಲಿಪ್ರೊಪಿಲೀನ್ ಮಾಡುತ್ತಿದೆ, ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯ. ಚೀಲ ನೇಯುವುದು ಅಂಥ ಕಾಳಿನಿಂದಲೇ.

ಇಲ್ಲಿ ಸಬ್ಸಿಡಿ ಇಲ್ಲ, ಸರಕಾರದ ದರ ಇಲ್ಲ. ಹಾಗಾದರೆ ಲಾಭ ಹೇಗೆ ಬರುತ್ತದೆ? ಪ್ಲಾಸ್ಟಿಕ್ ಕಾಳಿನ ದರದಲ್ಲಿ ನಾಫ್ತಾದ ದರ ಕಳೆಯಿರಿ, ಉಳಿದ ಅಂತರವೇ ಎಲ್ಲ. ಶೇಂಗಾ ಗಾಣದವನ ಹಾಗೆ. ಎಣ್ಣೆ ದರ ಏರಿದರೆ ಗಾಣದವನಿಗೆ ಲಾಭ ಅಂತ ನಾವು ತಿಳಿಯುತ್ತೇವೆ. ಶೇಂಗಾ ದರವೂ ಅಷ್ಟೇ ಏರಿದ್ದರೆ ಅವನಿಗೇನು ಬಂತು? ಕಚ್ಚಾ ತೈಲ ಏರಿದೆ, ಪೆಟ್ರೋಕೆಮಿಕಲ್ ಕಂಪೆನಿಗೆ ಸುಗ್ಗಿ ಅನ್ನೋದು ಬಹಳ ಸಲ ತಲೆಕೆಳಗಾದ ಮಾತು.

ಆ ಅಂತರ ಹಿಗ್ಗೋದು ಕುಗ್ಗೋದು ಹೇಗೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಈರುಳ್ಳಿ ಬೆಳೆದವರು ನಾವು. ಒಂದು ವರ್ಷ ಈರುಳ್ಳಿಗೆ ಕ್ವಿಂಟಾಲಿಗೆ ನಾಲ್ಕು ಸಾವಿರ ಸಿಕ್ಕರೆ ಮರುವರ್ಷ ಊರಿಗೆ ಊರೇ ಈರುಳ್ಳಿ ಹಾಕುತ್ತದೆ. ಕಿತ್ತು ಒಣಗಿಸೋ ಹೊತ್ತಿಗೆ ನಾನೂರು. ಕಾರ್ಖಾನೆಯವರೂ ಹಾಗೇ. ಲಾಭ ಇರುವ ವರ್ಷ ಎಲ್ಲ ದೇಶದವರೂ ಹೊಸ ಕಾರ್ಖಾನೆಗೆ ಕಲ್ಲು ಹಾಕುತ್ತಾರೆ. ನಮ್ಮ ಬೆಳೆ ನಾಲ್ಕು ತಿಂಗಳು, ಅವರದು ನಾಲ್ಕೈದು ವರ್ಷ. ಕಟ್ಟಿ ಮುಗಿಯುವ ಹೊತ್ತಿಗೆ ಎಲ್ಲರದೂ ಒಟ್ಟಿಗೇ ಪೇಟೆಗೆ ಬೀಳುತ್ತದೆ. ಈರುಳ್ಳಿ ಆದರೆ ಮರುವರ್ಷ ಹಾಕದೆ ಬಿಡಬಹುದು. ಸಾವಿರಾರು ಕೋಟಿ ಸಾಲ ಮಾಡಿ ಕಟ್ಟಿದ ಕಾರ್ಖಾನೆಯನ್ನು ಬಿಡೋದು ಹೇಗೆ? ನಷ್ಟದಲ್ಲೂ ಓಡಿಸುತ್ತಾರೆ. ಅದಕ್ಕೇ ಅವರ ಇಳಿಗಾಲ ನಮ್ಮದಕ್ಕಿಂತ ಉದ್ದ.

ಚೀನಾದವರು ಕೆಲವು ವರ್ಷದಿಂದ ಇಂಥ ಕಾರ್ಖಾನೆಗಳನ್ನು ಸಾಲಾಗಿ ಕಟ್ಟಿದ್ದಾರೆ. ಪಿವಿಸಿಯನ್ನು ಹೆಚ್ಚಾಗಿ ಕಲ್ಲಿದ್ದಲು ಮತ್ತು ಸುಣ್ಣದಿಂದ ಕಾರ್ಬೈಡ್ ಮಾಡಿ ತೆಗೆಯುತ್ತಾರೆ. ನಮ್ಮ ದೇಶಕ್ಕೆ ಬೇಕಾದ ಪಿವಿಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದಲೇ ಬರೋದು. ಹಾಗಾಗಿ ಇಲ್ಲಿಯ ದರ ಗೊತ್ತುಮಾಡೋದು ಇಲ್ಲಿಯವರಲ್ಲ. ಕೊರೋನಾ ಕಾಲದಲ್ಲಿ ಹಡಗು ನಿಂತು 2021ರಲ್ಲಿ ಪಿವಿಸಿ ದರ ಆಕಾಶ ಮುಟ್ಟಿತ್ತು. ಪೈಪು ಕೊಂಡವರಿಗೆ ನೆನಪಿದ್ದೀತು. 2022ರಲ್ಲಿ ದಢಾರನೆ ಬಿತ್ತು. ನಾನು ಷೇರು ಕೊಂಡದ್ದು ಆ ಎತ್ತರದ ಲಾಭ ನೋಡಿ, ಅಂದರೆ ನಾಲ್ಕು ಸಾವಿರದ ಈರುಳ್ಳಿ ನೋಡಿ ಬೀಜ ಕೊಂಡ ಹಾಗೆ. ಇಷ್ಟು ವರ್ಷ ಈರುಳ್ಳಿಯಲ್ಲಿ ಪೆಟ್ಟು ತಿಂದವನಿಗೆ ಷೇರಿನಲ್ಲಿ ಅದೇ ಹಳ್ಳ ಕಾಣಲಿಲ್ಲ.

ಎಂಆರ್‌ಪಿಎಲ್ ಹೆಸರು ಹೇಳಿದೆನಲ್ಲ, ಅದರ ದೊಡ್ಡ ಕಸುಬು ಪೆಟ್ರೋಲ್ ಡೀಸೆಲ್, ಪ್ಲಾಸ್ಟಿಕ್ ಸಣ್ಣದು. ಆದರೂ ಅಂತರದ ಆಟ ನೋಡಲಿಕ್ಕೆ ಒಳ್ಳೇ ಉದಾಹರಣೆ. 2023-24ರಲ್ಲಿ ಸುಮಾರು 3,600 ಕೋಟಿ ಲಾಭ. ಮರುವರ್ಷ ನೂರು ಕೋಟಿಯೂ ಮುಟ್ಟಲಿಲ್ಲ. ಕಾರ್ಖಾನೆ ಅದೇ, ಜನ ಅದೇ.

ಮುಂದೆ ಹೇಗೆ?

ಹೊರದೇಶದ ಗೊಬ್ಬರ ಕಂಪೆನಿಗಳದ್ದೂ ಇದೇ ಹಾಡು. ಅಮೆರಿಕದ ಮೊಸಾಯಿಕ್ ಅನ್ನುವ ರಂಜಕ-ಪೊಟ್ಯಾಷ್ ಕಂಪೆನಿಯ ಷೇರು 2020ರ ಮಾರ್ಚ್‌ನಲ್ಲಿ ಹತ್ತು ಡಾಲರಿಗೂ ಕೆಳಗೆ ಬಿದ್ದಿತ್ತು, 2022ರ ಏಪ್ರಿಲ್‌ನಲ್ಲಿ ಎಪ್ಪತ್ತು ದಾಟಿತು, ಎರಡು ವರ್ಷದಲ್ಲಿ ಮತ್ತೆ ಮೂವತ್ತರ ಆಸುಪಾಸಿಗೆ ಇಳಿಯಿತು. ಅಲ್ಲಿ ಸಬ್ಸಿಡಿಯ ಗೋಡೆ ಇಲ್ಲ, ಏರಿದರೆ ಪೂರ್ತಿ ಏರು, ಇಳಿದರೆ ಪೂರ್ತಿ ಇಳಿ. 2008ರಲ್ಲೂ ಹೀಗೇ ಪ್ರಪಂಚದಲ್ಲೆಲ್ಲ ಗೊಬ್ಬರದ ದರ ಉರಿದಿತ್ತು. ಆ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆದದ್ದನ್ನು ನಾವು ಮರೆತಿಲ್ಲ. ಕೊರತೆ ಬೇರೆ, ಕಂಪೆನಿಯ ಲಾಭ ಬೇರೆ. 2025ರ ಜುಲೈನಲ್ಲಿ ಕೊಪ್ಪಳದ ಕಡೆ ಯೂರಿಯಾಕ್ಕೆ ಜನ ಬೆಳಗಿನ ಜಾವದಿಂದ ಸಾಲು ನಿಂತರು. ಸಾಲು ಉದ್ದ ಇದೆ ಅಂತ ಯೂರಿಯಾ ದರ ಒಂದು ಪೈಸೆಯೂ ಏರಲಿಲ್ಲ.

ಯೂರಿಯಾದಲ್ಲಿ ಹೊಸ ಕಾರ್ಖಾನೆಗಳು ಬಂದಿವೆ. 2002ರಲ್ಲಿ ಮುಚ್ಚಲು ತೀರ್ಮಾನಿಸಿದ್ದ ರಾಮಗುಂಡಂ, ಗೋರಖ್‌ಪುರ, ಸಿಂದ್ರಿಯವನ್ನು ಮತ್ತೆ ಹೊಸದಾಗಿ ಕಟ್ಟಿದ್ದಾರೆ, ಒಂದೊಂದೂ ವರ್ಷಕ್ಕೆ 12.7 ಲಕ್ಷ ಟನ್. ಅಸ್ಸಾಮಿನ ನಾಮರೂಪದಲ್ಲಿ ಇನ್ನೊಂದಕ್ಕೆ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿದೆ. ಹೊಸ ಒಲೆಗಳ ಮುಂದೆ ಹಳೇ ಒಲೆಗಳಿಗೆ ಅಳತೆ ಇನ್ನೂ ಬಿಗಿಯಾದೀತು ಅಂತ ನನ್ನ ಅಂದಾಜು. ಸಬ್ಸಿಡಿಯನ್ನು ನೇರ ರೈತನ ಖಾತೆಗೇ ಹಾಕಬೇಕು ಅನ್ನುವ ಮಾತೂ ಆಗಾಗ ಏಳುತ್ತದೆ. ಹಾಗೆ ಆದ ದಿನ ಕಂಪೆನಿಗೆ ಬಾಕಿಯ ರೋಗ ವಾಸಿ, ಆದರೆ ಪೂರ್ತಿ ರೇಟು ಕಂಡ ರೈತ ಎರಡು ಚೀಲದ ಬದಲು ಒಂದೇ ಕೊಂಡಾನು. ಕಾಂಪ್ಲೆಕ್ಸ್ ಕಂಪೆನಿಗಳಲ್ಲಿ ರಂಜಕದ ಕಲ್ಲಿಗೆ, ಆಮ್ಲಕ್ಕೆ ಹೊರದೇಶದಲ್ಲಿ ಸ್ವಂತ ಪಾಲು ಇಟ್ಟುಕೊಂಡವು, ಬೀಜ ಔಷಧಿಯ ವ್ಯಾಪಾರವನ್ನೂ ಬೆಳೆಸಿಕೊಂಡವು ಗಟ್ಟಿ ಅಂತ ನನಗೆ ತೋರುತ್ತದೆ. ಬರೀ ಹೊರಗಿನಿಂದ ತಂದು ಚೀಲ ತುಂಬಿ ಮಾರುವವು ಗಾಳಿಗೆ ಸಿಕ್ಕ ಹೊಟ್ಟಿನ ಹಾಗೆ. ಪೆಟ್ರೋಕೆಮಿಕಲ್‌ನಲ್ಲಿ, ಎಲ್ಲರೂ ಬೈಯುತ್ತಿರುವ ವರ್ಷ, ಸಾಲ ಕಡಿಮೆ ಇರುವ ಕಂಪೆನಿ ನೋಡಿ, ನಾಲ್ಕೈದು ವರ್ಷ ಮುಟ್ಟದ ದುಡ್ಡು ಇದ್ದವರು ಹಾಕಬಹುದೇನೋ. ಎಲ್ಲರೂ ಹೊಗಳುವ ವರ್ಷ ಬೇಡ.

ಇನ್ನೊಂದು ತಮಾಷೆ. ಮಣ್ಣು ಪರೀಕ್ಷೆ ಮಾಡಿಸಿದ ಮೇಲೆ ನಾನು ಎಕರೆಗೆ ಎರಡು ಚೀಲ ಇದ್ದ ಯೂರಿಯಾವನ್ನು ಒಂದಕ್ಕೆ ಇಳಿಸಿದ್ದೇನೆ, ತೊಗರಿ ಸಾಲು ಹೆಚ್ಚು ಮಾಡಿದ್ದೇನೆ. ಇಳುವರಿ ಕಡಿಮೆ ಆಗಿಲ್ಲ. ಗೊಬ್ಬರ ಕಡಿಮೆ ಮಾಡಿ ಅಂತ ಊರವರಿಗೆ ಹೇಳುತ್ತ, ಮನೆಯಲ್ಲಿ ಗೊಬ್ಬರ ಕಂಪೆನಿಯ ಷೇರು ಏರಲಿ ಅಂತ ಕಾಯೋದು! ನಮ್ಮ ಮನೆಯವರು ಇದನ್ನು ಹೇಳಿ ನಕ್ಕಿದ್ದು ನನಗೆ ಸ್ವಲ್ಪ ನಾಟಿತು.

2024ರಲ್ಲಿ ಬೆಳೆ ಸುಮಾರಾಗಿ ಬಂತು. ಆ ವರ್ಷ ಉಳಿದ 40 ಸಾವಿರದಲ್ಲಿ ಷೇರಿನ ಕಡೆ ಹೋಗಲಿಲ್ಲ. ಇಳಿಜಾರಿನ ಮೂಲೆಯಲ್ಲಿದ್ದ ಕೃಷಿಹೊಂಡದ ಹೂಳು ತೆಗೆಸಿ, ಒಳಗೆ ಹಾಸೋ ದಪ್ಪ ಪ್ಲಾಸ್ಟಿಕ್ ಹಾಳೆ ಹೊಸದು ಹಾಕಿಸಿದೆ. ಅದೂ ಪೆಟ್ರೋಕೆಮಿಕಲ್ಲೇ, ಅಳಿಯ ಹೇಳಿ ನಗುತ್ತಾನೆ. ಆಗಸ್ಟ್‌ನಲ್ಲಿ ಮಳೆ ಹೋದರೆ ಒಂದೂವರೆ ಎಕರೆಗೆ ಎರಡು ತಂಪು ನೀರು ಕೊಡಲು ಆಗುತ್ತದೆ. ಮಾರದೆ ಉಳಿಸಿದ್ದ ಹತ್ತು ಷೇರು ಇನ್ನೂ ಇವೆ. ಅದು ಲಾಭಕ್ಕಲ್ಲ. ಷೇರುದಾರ ಅಂತ ವರ್ಷಕ್ಕೊಂದು ವರದಿ ಅಳಿಯನ ಮೊಬೈಲಿಗೆ ಬರುತ್ತದೆ. ಅವನು ದೀಪಾವಳಿಗೆ ಬಂದಾಗ ಓದಿ ಹೇಳುತ್ತಾನೆ, ನಾನು ಬಾಕಿಯ ಸಾಲು, ಬಡ್ಡಿಯ ಸಾಲು ಎರಡನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಹೋದ ಸಲ ಬಾಕಿ ಇಳಿದಿತ್ತು.